ಕಟ್ಟಿದವರನ್ನೂ ಬಿಡದ ಕಾಯ್ದೆ

ಆಸ್ಟ್ರೇಲಿಯಾದ ರಾಜ್ಯಗಳಲ್ಲಿ ಮುಖ್ಯಮಂತ್ರಿಯನ್ನು ಪ್ರೀಮಿಯರ್ ಎನ್ನುತ್ತಾರೆ. 1988ರ ಮಾರ್ಚ್‌ನಲ್ಲಿ ಲಿಬರಲ್ ಪಕ್ಷದ ನಿಕ್ ಗ್ರೈನರ್ ನ್ಯೂ ಸೌತ್ ವೇಲ್ಸ್‌ನ ಪ್ರೀಮಿಯರ್ ಆದದ್ದು ಶುದ್ಧ ಆಡಳಿತದ ಮಾತು ಕೊಟ್ಟು. ನಾಲ್ಕು ವರ್ಷ ಮೂರು ತಿಂಗಳಿಗೆ ಆ ಮಾತೇ ಅವರನ್ನು ಕುರ್ಚಿಯಿಂದ ಇಳಿಸಿತು.

ಗ್ರೈನರ್ ಹುಟ್ಟಿದ್ದು ಬುಡಾಪೆಸ್ಟ್‌ನಲ್ಲಿ, ಎಂಬಿಎ ಓದಿದ್ದು ಹಾರ್ವರ್ಡ್‌ನಲ್ಲಿ. ಲೆಕ್ಕಾಚಾರದ, ಶಿಸ್ತಿನ ಮನುಷ್ಯ. ಅವರಿಗೆ ಮುಂಚೆ 12 ವರ್ಷ ಆಳಿದ್ದು ಲೇಬರ್ ಪಕ್ಷ. ಆ ಅವಧಿಯಲ್ಲಿ ಬಂದೀಖಾನೆ ಸಚಿವರಾಗಿದ್ದ ರೆಕ್ಸ್ ಜಾಕ್ಸನ್, ಕೈದಿಗಳನ್ನು ಅವಧಿಗೆ ಮೊದಲೇ ಬಿಡಿಸಲು ಲಂಚ ಪಡೆದ ಪ್ರಕರಣದಲ್ಲಿ ತಾವೇ ಜೈಲು ಸೇರಿದರು. ಮುಖ್ಯ ಮ್ಯಾಜಿಸ್ಟ್ರೇಟ್ ಆಗಿದ್ದ ಮರ್ರಿ ಫಾರ್ಕರ್ ಕೂಡ ನ್ಯಾಯದ ದಾರಿ ತಪ್ಪಿಸಿದ್ದಕ್ಕೆ ಸೆರೆಮನೆ ಕಂಡರು. ಜನ ರೋಸಿಹೋಗಿದ್ದರು. ಗ್ರೈನರ್ ಗೆದ್ದ ವರ್ಷವೇ ಭ್ರಷ್ಟಾಚಾರ ವಿರೋಧಿ ಸ್ವತಂತ್ರ ಆಯೋಗದ ಕಾಯ್ದೆ ತಂದರು. 1989ರಲ್ಲಿ ಆಯೋಗ ಕೆಲಸ ಆರಂಭಿಸಿತು. ಅಲ್ಲಿನವರ ಬಾಯಲ್ಲಿ ಅದು 'ಐಕ್ಯಾಕ್'. ಯಾರನ್ನು ಬೇಕಾದರೂ ಕರೆಸಿ ಬಹಿರಂಗವಾಗಿ ವಿಚಾರಿಸುವ ಅಧಿಕಾರ ಅದಕ್ಕಿದೆ, ಶಿಕ್ಷೆ ಕೊಡುವ ಅಧಿಕಾರವಿಲ್ಲ. ಅದು ಕೊಡುವುದು ವರದಿ ಮಾತ್ರ. ಆದರೆ ರಾಜಕಾರಣಿಗೆ ಆ ವರದಿಯೇ ಸಾಕು.

1991ರ ಚುನಾವಣೆಯಲ್ಲಿ ಗ್ರೈನರ್ ಬಹುಮತ ಕಳೆದುಕೊಂಡು ಪಕ್ಷೇತರರ ಬೆಂಬಲದ ಮೇಲೆ ನಿಂತರು. ಅದೇ ವರ್ಷ, ಹಿಂದೆ ಶಿಕ್ಷಣ ಸಚಿವರಾಗಿದ್ದ ಟೆರ್ರಿ ಮೆಥರೆಲ್ ಪಕ್ಷ ಬಿಟ್ಟರು. 1992ರ ಏಪ್ರಿಲ್‌ನಲ್ಲಿ ಅವರಿಗೆ ಗ್ರೈನರ್ ಸರ್ಕಾರದಿಂದ ಪರಿಸರ ಸಂರಕ್ಷಣಾ ಪ್ರಾಧಿಕಾರದಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ಶಾಸಕ ಸ್ಥಾನಕ್ಕೆ ರಾಜೀನಾಮೆ ಬಿತ್ತು. ಕ್ಷೇತ್ರ ಲಿಬರಲ್ಲರ ಭದ್ರಕೋಟೆ, ಉಪಚುನಾವಣೆ ನಡೆದರೆ ಸ್ಥಾನ ಮರಳಿ ಪಕ್ಷದ ಕೈಗೆ. ಹಣ ಕೈ ಬದಲಾಗಲಿಲ್ಲ. ಬದಲಾದದ್ದು ಸದನದ ಲೆಕ್ಕ.

ಪ್ರಕರಣ ಐಕ್ಯಾಕ್ ಮುಂದೆ ಹೋಯಿತು. ಅದರ ಆಯುಕ್ತ ಇಯಾನ್ ಟೆಂಬಿ ಜೂನ್‌ನಲ್ಲಿ ವರದಿ ಕೊಟ್ಟರು. ಸಾಮಾನ್ಯರ ಕಣ್ಣಿಗೆ ಇದು ಭ್ರಷ್ಟತೆ ಎನಿಸಲಾರದು, ಆದರೆ ಕಾಯ್ದೆಯ ವ್ಯಾಖ್ಯೆಯಂತೆ ಭ್ರಷ್ಟ ನಡವಳಿಕೆಯೇ ಎಂಬುದು ಅದರ ಸಾರ. ಪಕ್ಷೇತರರು ಅವಿಶ್ವಾಸಕ್ಕೆ ಸಜ್ಜಾದರು; ಗ್ರೈನರ್ ರಾಜೀನಾಮೆ ಕೊಟ್ಟರು. ಎರಡು ತಿಂಗಳಿಗೆ ರಾಜ್ಯದ ಮೇಲ್ಮನವಿ ನ್ಯಾಯಾಲಯ 2–1ರ ತೀರ್ಪಿನಲ್ಲಿ, ಆಯೋಗ ತನ್ನ ಅಧಿಕಾರದ ಎಲ್ಲೆ ಮೀರಿತ್ತು ಎಂದಿತು. ಹೆಸರು ಮರಳಿತು, ಕುರ್ಚಿ ಮರಳಲಿಲ್ಲ.

ಇದನ್ನು ಅನ್ಯಾಯ ಎನ್ನುವವರ ವಾದದಲ್ಲಿ ಹುರುಳಿದೆ. ಕಾನೂನಿನ 'ಭ್ರಷ್ಟ' ಎಂಬ ಪದಕ್ಕೂ ಬೀದಿಯ 'ಭ್ರಷ್ಟ' ಎಂಬ ಪದಕ್ಕೂ ನಡುವಿನ ಅಂತರದಲ್ಲಿ ಒಬ್ಬರ ರಾಜಕೀಯ ಜೀವನ ಮುಗಿಯಿತು. ಆದರೆ ಮೆಥರೆಲ್‌ಗೆ ಕೊಟ್ಟ ಹುದ್ದೆ ಗ್ರೈನರ್ ಅವರ ಸ್ವಂತದ್ದಾಗಿರಲಿಲ್ಲ, ಜನರದ್ದಾಗಿತ್ತು. ಸದನದ ಬಲ ಹೆಚ್ಚಿಸಿಕೊಳ್ಳಲು ಸರ್ಕಾರಿ ನೌಕರಿಯನ್ನು ಬಳಸುವುದು 'ರಾಜಕೀಯದಲ್ಲಿ ಇದ್ದದ್ದೇ' ಎನ್ನುವ ರೂಢಿಯನ್ನೇ ಮುರಿಯುವುದಾಗಿ ಹೇಳಿ ಅವರು ಬಂದಿದ್ದರು. ವಿರೋಧಿಗಳನ್ನು ಅಳೆಯಲು ಮಾಡಿದ ಕೋಲು ತಮ್ಮನ್ನೂ ಅಳೆದಾಗ ಉದ್ದ ಜಾಸ್ತಿಯಾಯಿತು ಎಂದರೆ ಹೇಗೆ?

ಆ ಕೋಲು ಮುಂದೆಯೂ ಸುಮ್ಮನಿರಲಿಲ್ಲ. ಲೇಬರ್‌ನ ಪ್ರಭಾವಿ ನಾಯಕ ಎಡ್ಡಿ ಒಬೀಡ್ ಜೈಲಿಗೆ ಹೋದರು. 2014ರಲ್ಲಿ ಪ್ರೀಮಿಯರ್ ಬ್ಯಾರಿ ಒ'ಫ್ಯಾರೆಲ್ ಆಯೋಗದ ಮುಂದೆ, ದುಬಾರಿ ವೈನ್ ಬಾಟಲಿಯ ಉಡುಗೊರೆ ಬಂದೇ ಇಲ್ಲ ಎಂದರು. ಮರುದಿನ ಅವರದೇ ಕೈಬರಹದ ಧನ್ಯವಾದ ಪತ್ರ ಸಿಕ್ಕಿತು, ರಾಜೀನಾಮೆ ಕೊಟ್ಟರು. 2021ರಲ್ಲಿ, ಶಾಸಕರೊಬ್ಬರೊಂದಿಗಿನ ಗುಟ್ಟಿನ ಸಂಬಂಧ ಕುರಿತ ತನಿಖೆ ತಮ್ಮತ್ತ ತಿರುಗಿದಾಗ ಪ್ರೀಮಿಯರ್ ಗ್ಲಾಡಿಸ್ ಬೆರೆಜಿಕ್ಲಿಯನ್ ಕೂಡ ಕೆಳಗಿಳಿದರು.

ಆಯೋಗವನ್ನು ಹುಟ್ಟುಹಾಕಿದ ಪಕ್ಷದ ಮೂವರು ಪ್ರೀಮಿಯರ್‌ಗಳು ಹೀಗೆ ಹುದ್ದೆ ಬಿಟ್ಟರು. ಆಯೋಗದ ಬಾಗಿಲು ಮಾತ್ರ ಇಂದಿಗೂ ತೆರೆದಿದೆ.