ಕೇಳದೆ ಹೇರಿದ ಕಾಯದೆ

ಬಬಲೇಶ್ವರದಿಂದ ತೆಂಕಣಕ್ಕೆ ಹೊರಟು ಕೃಷ್ಣೆಯನ್ನು ದಾಟಿದವರಿಗೆ ಮುಧೋಳ ಸೀಮೆಯು ದೂರದ್ದಲ್ಲ. ಆ ಸೀಮೆಯ ಹಲಗಲಿಯ ಬೇಡರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಜಡಗ, ಬಾಲ, ಹನುಮ, ರಾಮರ ಶೌರ್ಯವನ್ನು ನಮ್ಮ ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಆದರೆ ಅವರು ಯಾವ ಕಾಯದೆಗೆ ಎದುರಾಗಿ ನಿಂತರೆಂದು ಕೇಳಿದರೆ ಮಕ್ಕಳು ಸುಮ್ಮನಾಗುತ್ತಾರೆ. ಅನೇಕ ವೇಳೆ ಕಲಿಸುವವರೂ ಸುಮ್ಮನಾಗುತ್ತಾರೆ. ವೀರರ ಹೆಸರು ಉಳಿದು ಅವರ ಅಹವಾಲು ಅಳಿದುಹೋಗುವುದು ಆ ವೀರರಿಗೆ ನಾವು ಮಾಡುವ ಅನ್ಯಾಯವೇ ಸರಿ.

ಅದು 1857ರ 28ನೆಯ ಕಾಯದೆ. ಹತಾರಗಳನ್ನು ಇಟ್ಟುಕೊಳ್ಳುವ ಹಕ್ಕಿಗೆ ಅದು ಸರಕಾರದ ಕಟ್ಟುಪಾಡನ್ನು ಹಾಕಿತು. ಪೇಟೆಯ ವರ್ತಕನಿಗೆ ಕತ್ತಿಯು ಗೋಡೆಯ ಮೇಲಿನ ಅಲಂಕಾರವಾಗಿದ್ದೀತು. ಬೇಡನಿಗಾದರೋ ಅದೇ ಬೇಟೆ, ಅದೇ ಊರ ಕಾವಲು, ಅದೇ ಮಾನ. ಕಲಕತ್ತೆಯಲ್ಲಿ ಆ ಕಾಯದೆಯನ್ನು ಮಾಡಿದ ಸಭೆಯಲ್ಲಿ ಒಬ್ಬನಾದರೂ ಹಿಂದೀ ಮನುಷ್ಯನಿದ್ದನೇ? ಇರಲಿಲ್ಲ. ಆ ಸಭೆಗೆ ನಮ್ಮ ದೇಶದವರು ಮೊದಲು ಕಾಲಿಟ್ಟುದು 1862ರಲ್ಲಿ, ಅದೂ ಸರಕಾರದ ನೇಮಕದಿಂದ. ಹಲಗಲಿಯಾದರೂ ಘೋರ್ಪಡೆಯವರ ಸಂಸ್ಥಾನದ ಊರು. ಹುಕುಮು ಮಾತ್ರ ಕಂಪನಿಯದು. ಬೇಡರು ಹತಾರ ಕೊಡಲೊಲ್ಲೆವೆಂದರು. 1857ರ ನವೆಂಬರ ಕೊನೆಯಲ್ಲಿ ದಂಡು ಬಂದಿತು, ಊರು ಉರಿಯಿತು. ಡಿಸೆಂಬರ 11ರಂದು ಮುಧೋಳದಲ್ಲಿ 13 ಮಂದಿಯನ್ನೂ, 14ರಂದು ಹಲಗಲಿಯಲ್ಲಿಯೇ 6 ಮಂದಿಯನ್ನೂ ಗಲ್ಲಿಗೇರಿಸಿದರು.

ಹತಾರದ ಕಾಯದೆಗಿಂತ ಮೊದಲೇ ಭೂಮಿಯ ಕಾಯದೆಯು ಬಂದಿದ್ದಿತು. 1824ರಲ್ಲಿಯೇ ನಮ್ಮ ಸಿಂದಗಿಯಲ್ಲಿ ದಿವಾಕರ ದೀಕ್ಷಿತನು ತನ್ನದೇ ಸರಕಾರವನ್ನು ಸಾರಿ ಕಂದಾಯ ವಸೂಲಿಗೆ ಏರ್ಪಾಡು ಮಾಡಿದ್ದನೆಂಬುದನ್ನು ವಾಚಕರು ನೆನೆಯಬೇಕು. ಆಳುವ ಹಕ್ಕೆಂದರೆ ತೆರಿಗೆ ಎತ್ತುವ ಹಕ್ಕೆಂಬುದನ್ನು ಆತನು ಅರಿತಿದ್ದನು. ಮುಂದೆ 1852ರ 11ನೆಯ ಕಾಯದೆಯಿಂದ ಇನಾಮು ಕಮಿಶನ್ನಿಗೆ ಬಲ ಬಂದಿತು. ತಲೆತಲಾಂತರದಿಂದ ಉಂಬಳಿ ಉಂಡವರು ಸನದು ತೋರಿಸಬೇಕು. ತೋರಿಸದಿದ್ದರೆ ಭೂಮಿಗೆ ಪೂರಾ ಕಂದಾಯ. ಸಂಶಯಪಡುವವನೂ ಸರಕಾರ, ತೀರ್ಪು ಕೊಡುವವನೂ ಸರಕಾರ; ದಿವಾಣಿ ನ್ಯಾಯಾಲಯದ ಬಾಗಿಲು ಮುಚ್ಚಿದ್ದಿತು. 1857ಕ್ಕೆ ಮುಂಚಿನ ಐದು ವರ್ಷಗಳಲ್ಲಿ ದಖ್ಖನದ ಸುಮಾರು 20,000 ಇನಾಮುಗಳು ಹೀಗೆ ಹೋದವು. ನರಗುಂದದ ಬಾಬಾಸಾಹೇಬನಿಗೆ ದತ್ತಕದ ಅಪ್ಪಣೆಯೂ ದೊರೆಯಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಇನಾಮುದಾರನ ಭೂಮಿ ಹೋದರೆ ದುಡಿಯುವ ರೈತನಿಗೇನು ನಷ್ಟ? ಸುಳ್ಳು ಸನದುಗಳೂ ಇರಲಿಲ್ಲವೇ? ಹತಾರಕ್ಕೆ ಪರವಾನಿಗೆ ಬೇಕೆಂದು ಸ್ವತಂತ್ರ ಭಾರತವೂ 1959ರಲ್ಲಿ ಕಾಯದೆ ಮಾಡಲಿಲ್ಲವೇ? ಅಹುದು. ತೆರಿಗೆಯಿಲ್ಲದೆ ರಾಜ್ಯವಿಲ್ಲ, ಕಟ್ಟುಪಾಡಿಲ್ಲದೆ ಸಮಾಜವಿಲ್ಲ. ನಮ್ಮ ತಕರಾರು ಕಾಯದೆ ಇದ್ದುದಕ್ಕಲ್ಲ, ಕೇಳದೆ ಹೇರಿದುದಕ್ಕೆ. 1765ರಲ್ಲಿ ಅಮೇರಿಕೆಯ ವಸಾಹತಿನವರು ಸ್ಟ್ಯಾಂಪು ತೆರಿಗೆಯನ್ನು ಧಿಕ್ಕರಿಸಿದುದೂ ಇದೇ ಕಾರಣಕ್ಕೆ. ತಮ್ಮ ಪ್ರತಿನಿಧಿಗಳಿಲ್ಲದ ಸಭೆಯು ತಮಗೆ ತೆರಿಗೆ ಹಾಕಲಾಗದೆಂಬುದೇ ಅವರ ವಾದ. ಅವರಿಗೆ ಸಭೆಗಳಿದ್ದವು, ಮುದ್ರಣಾಲಯಗಳಿದ್ದವು. ಮರುವರ್ಷವೇ ಆ ತೆರಿಗೆ ರದ್ದಾಯಿತು. ಹಲಗಲಿಯವರಿಗೆ ಇದ್ದುದು ಕತ್ತಿಯೊಂದೇ. ಅದನ್ನೇ ಸರಕಾರವು ಕೇಳಿತು.

ಇನ್ನೊಂದು ದುಃಖದ ಮಾತು. 1857ರ ನವೆಂಬರದಲ್ಲಿ ಹಲಗಲಿ, 1858ರ ಫೆಬ್ರುವರಿಯಲ್ಲಿ ಸುರಪುರ, ಮೇ ತಿಂಗಳಲ್ಲಿ ನರಗುಂದ ಮತ್ತು ಮುಂಡರಗಿ. ಏಳು ತಿಂಗಳೊಳಗೆ ಒಂದೇ ನುಡಿಯ ಜನರು ಮೇಲಿಂದ ಮೇಲೆ ಎದ್ದರು, ಆದರೆ ಬಹುಮಟ್ಟಿಗೆ ಒಂಟಿಯಾಗಿ ಬಿದ್ದರು. ಒಂದು ಊರು ಘೋರ್ಪಡೆಯವರದು, ಒಂದು ನಿಜಾಮನಿಗೆ ಕಪ್ಪ ಕೊಡುವ ಸಂಸ್ಥಾನದ್ದು, ಒಂದು ಭಾವೆಯವರದು. ಸುತ್ತಲೂ ಮುಂಬಯಿ ಇಲಾಖೆ. ತುಂಡಾದ ನಾಡಿಗೆ ಕೂಗು ಒಂದಾಗಲಿಲ್ಲ. ಆ ತುಂಡುಗಳು ಕೂಡಿಬರಲು 1956ರ ನವೆಂಬರ 1ರ ವರೆಗೆ ಕಾಯಬೇಕಾಯಿತು.

ಪರಿಣಾಮವನ್ನಾದರೂ ನೋಡಿರಿ. ಬಾಬಾಸಾಹೇಬನನ್ನು 1858ರ ಜೂನ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ ಸರಕಾರವೇ 1862ರಲ್ಲಿ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಹಂಚಿತು. ಇನಾಮುಗಳನ್ನು ಕಸಿದ ಸರಕಾರವೇ 1863ರಲ್ಲಿ ಕಾಯದೆ ಮಾಡಿ, ಗೊತ್ತುಪಡಿಸಿದ ಹಣವನ್ನು ಸಲ್ಲಿಸುವವರ ಉಳಿದ ಇನಾಮುಗಳನ್ನು ಖಾಯಂಗೊಳಿಸಿತು. ಅರ್ಜಿಗೆ ಕೊಡದುದನ್ನು ಹೆಣಗಳು ಬಿದ್ದ ಮೇಲೆ ಕೊಟ್ಟಿತು! ಬೇಡರಿಗೆ ಮಾತ್ರ ಏನೂ ಮರಳಿ ಬರಲಿಲ್ಲ.

ಬಬಲೇಶ್ವರ, ತಿಕೋಟಾಗಳ ಶಿಕ್ಷಕ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೇ: ಜಡಗ, ಬಾಲರ ಹೆಸರಿನ ಪಕ್ಕದಲ್ಲಿ ಆ ಎರಡು ಕಾಯದೆಗಳ ಹೆಸರನ್ನೂ ಹಲಗೆಯ ಮೇಲೆ ಬರೆಯಿರಿ. ಹಲಗಲಿಯ ಲಾವಣಿಕಾರನು ತನ್ನ ಕಥೆಯನ್ನು ಆರಂಭಿಸಿದುದೇ ಹತಾರ ಕಸಿಯುವ ಹುಕುಮಿನಿಂದ. ಅವನು ಮರೆಯದುದನ್ನು ಪಾಠಶಾಲೆಯು ಮರೆಯಬಾರದು. ಇಂದು ಕಾಯದೆ ಮಾಡುವವರು ನಾವೇ ಆರಿಸಿದವರು. ಆದರೂ ರೈತನ ಮನೆಗೆ ಬರುವ ನೋಟೀಸು ಅವನಿಗೆ ತಿಳಿಯುವ ಕನ್ನಡದಲ್ಲಿ ಇರದಿದ್ದರೆ, ಅವನ ಅಹವಾಲನ್ನು ಕೇಳಿ ಬರೆದುಕೊಳ್ಳುವವರಿಲ್ಲದಿದ್ದರೆ, ಆ ಕಾಯದೆಯೂ ಅವನಿಗೆ ಪರರಾಜ್ಯದ ಹುಕುಮಿನಂತೆಯೇ ತೋರುವುದು. ಕೇಳುವ ಹಕ್ಕನ್ನು ಕಲಿಸಿದ ದಿನವೇ ಹಲಗಲಿಯವರ ಋಣವು ಕಿಂಚಿತ್ತಾದರೂ ತೀರೀತು.