ಆಟ ಎಲ್ಲರದ್ದು, ಲೈಸೆನ್ಸ್ ಯಾರದ್ದು?

ಚೌಕಾಬಾರಕ್ಕೆ ಮಾಲೀಕರಿಲ್ಲ. ನ್ಯಾಮತಿಯ ಒಂದು ಓಣಿಯಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಎಂದರೆ, ಇನ್ನೊಂದು ಓಣಿಯಲ್ಲಿ ಆ ಕಟ್ಟುಪಾಡೇ ಇರುವುದಿಲ್ಲ. ಒಬ್ಬರು ಕವಡೆ ಹಾಕಿದರೆ ಇನ್ನೊಬ್ಬರು ಹುಣಸೆ ಬೀಜದಲ್ಲೇ ಮುಗಿಸುತ್ತಾರೆ. ಹೊನ್ನಾಳಿ ಕಡೆಯ ನೆಂಟರ ಜೊತೆ ಆಡಲು ಕುಳಿತರೆ ಮೊದಲು ‘ನಿಮ್ಮ ಕಡೆ ಹೇಗೆ?’ ಎಂದು ಕೇಳಿಕೊಂಡರೆ ಸಾಕು. ಜಗಳ ಬಂದರೂ ಅದು ಜಗಲಿಯ ಮೇಲೇ ಮುಗಿಯುತ್ತದೆ. ಏಕೆಂದರೆ ನಿಯಮ ಬದಲಿಸುವ ಅಧಿಕಾರ ಆಡುವವರ ಕೈಯಲ್ಲೇ ಇದೆ.

ಆದರೆ ಆಟಕ್ಕೊಬ್ಬ ಮಾಲೀಕನಿದ್ದು, ಆ ಆಟವನ್ನೇ ನಂಬಿ ಹತ್ತಾರು ಸಣ್ಣ ಪ್ರಕಾಶಕರು, ಬರಹಗಾರರು, ಚಿತ್ರಕಾರರು ಬದುಕು ಕಟ್ಟಿಕೊಂಡಿದ್ದರೆ? ಮಾಲೀಕ ಒಂದು ದಿನ ‘ಇನ್ನು ಮುಂದೆ ಷರತ್ತು ಬೇರೆ’ ಎಂದರೆ? 2023ರ ಜನವರಿಯಲ್ಲಿ ಅಮೆರಿಕದಲ್ಲಿ ನಡೆದದ್ದು ಇದೇ. ದೂರದ ದೇಶದ ಆಟದ ಗಲಾಟೆ ಎಂದು ಪಕ್ಕಕ್ಕೆ ಇಡುವಂತಿಲ್ಲ. ಅನಿಮೇಷನ್, ಗೇಮಿಂಗ್ ಕ್ಷೇತ್ರದಲ್ಲಿ ಕೆಲಸ ಹುಡುಕುತ್ತಿರುವ ನಮ್ಮ ಜಿಲ್ಲೆಯ ಪದವೀಧರರಿಗೆ ಅದರಲ್ಲಿ ನೇರವಾದ ಪಾಠವಿದೆ.

ಮಾತಿನಲ್ಲೇ ನಡೆಯುವ ಆಟ

ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರಾಗನ್ಸ್’. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದರು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರದ್ದು ಒಂದೊಂದು ಪಾತ್ರ. ಒಬ್ಬರು ಭಾಗವತರ ಹಾಗೆ ಕಥೆ ನಡೆಸುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ತಾಳಮದ್ದಲೆಯಂತೆ ಕುಳಿತಲ್ಲೇ ಆಶುವಾಗಿ ಮಾತು. ವ್ಯತ್ಯಾಸ ಇಷ್ಟೇ: ಕತ್ತಿ ಬೀಸಿದ್ದು ತಾಗಿತೋ ಇಲ್ಲವೋ ಎಂಬುದನ್ನು 20 ಮುಖದ ದಾಳ ಹೇಳುತ್ತದೆ. ಆ ಲೆಕ್ಕಾಚಾರದ ನಿಯಮಗಳೇ ದಪ್ಪ ದಪ್ಪ ಪುಸ್ತಕಗಳಾಗಿ ಮಾರಾಟವಾಗುತ್ತವೆ. ಈಗ ಅದರ ಒಡೆತನ ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿಯದ್ದು. ಆ ಕಂಪನಿ 1999ರಿಂದ ಹ್ಯಾಸ್‌ಬ್ರೋ ಎಂಬ ಆಟಿಕೆ ಸಂಸ್ಥೆಯ ಕೈಯಲ್ಲಿದೆ.

2000ನೇ ಇಸವಿಯಲ್ಲಿ ಮೂರನೇ ಆವೃತ್ತಿ ಬಂದಾಗ ಕಂಪನಿ ಒಂದು ಜಾಣ ಹೆಜ್ಜೆ ಇಟ್ಟಿತು. ‘ಓಪನ್ ಗೇಮ್ ಲೈಸೆನ್ಸ್’ ಎಂಬ ಪರವಾನಗಿ ಕೊಟ್ಟು, ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ತಮ್ಮ ಕಥೆ, ಸಾಹಸ, ಪುಸ್ತಕ ಪ್ರಕಟಿಸಬಹುದು, ರಾಯಧನ ಬೇಡ ಎಂದಿತು. ಇದರಿಂದ ಎರಡೂ ಕಡೆಗೆ ಲಾಭ. ಸಣ್ಣವರಿಗೆ ಸಿದ್ಧ ಮಾರುಕಟ್ಟೆ ಸಿಕ್ಕಿತು. ಅವರ ಪುಸ್ತಕ ಕೊಂಡವರಿಗೆ ಮೂಲ ನಿಯಮದ ಪುಸ್ತಕವೂ ಬೇಕಾಗುತ್ತಿದ್ದರಿಂದ ದೊಡ್ಡವರ ವ್ಯಾಪಾರವೂ ಬೆಳೆಯಿತು.

ಆವೃತ್ತಿ ಬದಲಾದರೆ ಮನೆ ಒಡೆಯುವುದೇಕೆ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ಕೋಣೆಯಲ್ಲಿ ಒಬ್ಬನ ಕೈಯಲ್ಲಿ ಹಳೇ ಗೈಡ್, ಇನ್ನೊಬ್ಬನ ಕೈಯಲ್ಲಿ ‘ಪರಿಷ್ಕೃತ ಆವೃತ್ತಿ’ ಇದ್ದರೆ ಪುಟ ಸಂಖ್ಯೆಯೇ ಹೊಂದುವುದಿಲ್ಲ. ಈ ಆಟದ ಮೂರು ಮುಖ್ಯ ಪುಸ್ತಕಗಳ ಬೆಲೆ ಒಂದೊಂದಕ್ಕೆ ಸುಮಾರು 50 ಡಾಲರ್. ಹೊಸ ಆವೃತ್ತಿ ಬಂತೆಂದರೆ ಮತ್ತೆ ಹಣ, ಮತ್ತೆ ಕಲಿಕೆ. ವರ್ಷಗಟ್ಟಲೆ ಜೊತೆಗೂಡಿ ಆಡಿದ ಗುಂಪಿನಲ್ಲಿ ಇಬ್ಬರು ಹೊಸದಕ್ಕೆ ಹೋಗೋಣ ಎಂದರೆ, ಮೂವರು ಇದೇ ಇರಲಿ ಎನ್ನುತ್ತಾರೆ.

2008ರಲ್ಲಿ ನಾಲ್ಕನೇ ಆವೃತ್ತಿ ಬಂದಾಗ ಆದದ್ದು ಇದೇ. ನಿಯಮಗಳು ತೀರಾ ಬದಲಾದವು. ಜೊತೆಗೆ ಬಂದ ಹೊಸ ಪರವಾನಗಿಯ ಷರತ್ತುಗಳೂ ಬಿಗಿಯಾದವು. ಅಲ್ಲಿಯವರೆಗೆ ಇದೇ ಆಟದ ನಿಯತಕಾಲಿಕೆಗಳನ್ನು ಪ್ರಕಟಿಸುತ್ತಿದ್ದ ಪೈಜೋ ಎಂಬ ಸಣ್ಣ ಸಂಸ್ಥೆ, ಹಳೆಯ ಪರವಾನಗಿಯನ್ನೇ ಹಿಡಿದು ಹಳೆಯ ನಿಯಮಗಳನ್ನು ತಿದ್ದಿ 2009ರಲ್ಲಿ ‘ಪಾತ್‌ಫೈಂಡರ್’ ಎಂಬ ಆಟ ತಂದಿತು. ಬೇಸರಗೊಂಡಿದ್ದ ಹಳೆಯ ಆಟಗಾರರು ಅತ್ತ ಹೋದರು. ಮಾಲೀಕನೇ ಬರೆದುಕೊಟ್ಟ ಕಾಗದ ಮಾಲೀಕನಿಗೇ ಪ್ರತಿಸ್ಪರ್ಧಿಯನ್ನು ಹುಟ್ಟಿಸಿತು. 2014ರ ಐದನೇ ಆವೃತ್ತಿ ಮತ್ತೆ ಸರಳವಾಯಿತು. 2016ರಲ್ಲಿ ಅದರ ನಿಯಮಗಳೂ ಹಳೆಯ ಮುಕ್ತ ಪರವಾನಗಿಯಡಿ ಬಂದವು. ಆಟಗಾರರು ಮರಳಿದರು.

ಮೇಲಿನಿಂದ ಬಂದ ಹೊಸ ಆವೃತ್ತಿ ಆಡುವವರಿಗೆ ಒಗ್ಗದೇ ಹೋಗುವುದಕ್ಕೆ ನಮ್ಮಲ್ಲೂ ಉದಾಹರಣೆಯಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ಬಗ್ಗೆ ಅಪಾರ ಆಸಕ್ತಿ ಇದ್ದವರು. ಅವರ ‘ಶ್ರೀತತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಆಟಗಳ ಕುರಿತಾದದ್ದೇ. ಗಂಜೀಫಾ ಎಲೆಯಾಟವನ್ನು ಅವರು 18 ಬಣ್ಣಗಳವರೆಗೆ ಬೆಳೆಸಿದರು. ಅಂಥ ಕಟ್ಟುಗಳಲ್ಲಿ 300ಕ್ಕೂ ಹೆಚ್ಚು ಎಲೆಗಳು. ಕಲೆಯಾಗಿ ಅವು ಇಂದಿಗೂ ಬೆರಗು ಹುಟ್ಟಿಸುತ್ತವೆ. ಆದರೆ ಜನಸಾಮಾನ್ಯರ ಆಟವಾಗಿ ಅವು ಹಬ್ಬಲಿಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದುಕೊಳ್ಳುವ ಚೌಕಾಬಾರ ಉಳಿಯಿತು.

ಮೂರು ವಾರಗಳ ಸಂಘರ್ಷ

2022ರ ಕೊನೆಯಲ್ಲಿ ಕಂಪನಿಯ ಮುಖ್ಯಸ್ಥರು ಈ ಆಟದಿಂದ ಬರಬೇಕಾದಷ್ಟು ಆದಾಯ ಬರುತ್ತಿಲ್ಲ ಎಂಬ ಅರ್ಥದ ಮಾತನ್ನು ಹೂಡಿಕೆದಾರರ ಮುಂದೆ ಆಡಿದ್ದರು. 2023ರ ಜನವರಿ 5ರಂದು ಹೊಸ ಪರವಾನಗಿಯ ಕರಡು ಸೋರಿಕೆಯಾಯಿತು. ವರ್ಷಕ್ಕೆ 50 ಸಾವಿರ ಡಾಲರ್ ಮೀರಿ ಗಳಿಸುವವರು ಲೆಕ್ಕ ಒಪ್ಪಿಸಬೇಕು, 7.5 ಲಕ್ಷ ಡಾಲರ್ ದಾಟಿದರೆ ಮೇಲಿನ ಆದಾಯದಲ್ಲಿ ಶೇ 25ರವರೆಗೆ ರಾಯಧನ ಕೊಡಬೇಕು. ಅದು ಲಾಭದ ಮೇಲಲ್ಲ, ಒಟ್ಟು ಆದಾಯದ ಮೇಲೆ! ಎಲ್ಲಕ್ಕಿಂತ ದೊಡ್ಡ ಆಘಾತವೆಂದರೆ, 2000ರ ಹಳೆಯ ಪರವಾನಗಿ ಇನ್ನು ‘ಅಧಿಕೃತವಲ್ಲ’ ಎಂಬ ಮಾತು.

ಹಳೆಯ ಪರವಾನಗಿ ‘ಶಾಶ್ವತ’ ಎಂದೇ ಬರೆದಿತ್ತಲ್ಲ? ಬರೆದಿತ್ತು. ಆದರೆ ‘ಹಿಂಪಡೆಯಲಾಗದು’ ಎಂಬ ಪದ ಅದರಲ್ಲಿ ಇರಲಿಲ್ಲ. ‘ಅಧಿಕೃತ ಆವೃತ್ತಿ’ಗಳನ್ನು ಬಳಸಬಹುದು ಎಂಬ ಒಂದು ವಾಕ್ಯವಿತ್ತು. ಆ ಪದವನ್ನೇ ಹಿಡಿದು ಕಂಪನಿ ಹೊರಟಿತು. ಎರಡು ದಶಕಗಳ ಕಾಲ ಎಲ್ಲರೂ ನಂಬಿದ್ದ ಕಾಗದದ ಬಲ ಒಂದು ಪದದ ಮೇಲೆ ನಿಂತಿತ್ತು.

ಆಟಗಾರರು ಕಂಪನಿಯ ಆನ್‌ಲೈನ್ ಚಂದಾದಾರಿಕೆಯನ್ನು ರದ್ದು ಮಾಡತೊಡಗಿದರು. ಪೈಜೋ ಮತ್ತು ಇತರ ಪ್ರಕಾಶಕರು ಯಾವ ಒಂದು ಕಂಪನಿಗೂ ಸೇರದ ‘ಓರ್ಕ್’ ಎಂಬ ಹೊಸ ಪರವಾನಗಿ ರೂಪಿಸುವುದಾಗಿ ಪ್ರಕಟಿಸಿದರು. ಕಂಪನಿ ಕರಡನ್ನು ತಿದ್ದಿ ಅಭಿಪ್ರಾಯ ಕೇಳಿತು. ಉತ್ತರಿಸಿದ 15 ಸಾವಿರಕ್ಕೂ ಹೆಚ್ಚು ಜನರಲ್ಲಿ ಶೇ 88ರಷ್ಟು ಮಂದಿ ಈ ಪರವಾನಗಿಯಡಿ ಪ್ರಕಟಿಸಲು ಒಲ್ಲೆವೆಂದರು. ಜನವರಿ 27ರಂದು ಕಂಪನಿ ಸಂಪೂರ್ಣ ಹಿಂದೆ ಸರಿದು, ಐದನೇ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಇದನ್ನು ಹಿಂಪಡೆಯಲು ಬರುವುದಿಲ್ಲ.

ಕಂಪನಿಯ ಕಡೆಯ ವಾದವೇ ಇಲ್ಲವೆಂದಲ್ಲ. ತನ್ನ ಹೆಸರಿನ ನೆರಳಲ್ಲಿ ದ್ವೇಷ ಹರಡುವ ಪುಸ್ತಕ ಬರಬಾರದು, ದೊಡ್ಡ ಕಂಪನಿಗಳು ಪುಕ್ಕಟೆ ಲಾಭ ಮಾಡಿಕೊಳ್ಳಬಾರದು ಎಂಬ ಕಾಳಜಿಯನ್ನು ಅದು ಮುಂದಿಟ್ಟಿತ್ತು. ಆಟವನ್ನು ಸಾಕಿ ಬೆಳೆಸುವವರಿಗೆ ಹಣ ಬೇಕು, ನಿಜ. ಆದರೆ ಹೊಸ ಷರತ್ತನ್ನು ಹೊಸ ಆಟಕ್ಕೆ ಹಾಕುವುದು ಬೇರೆ, ಕೊಟ್ಟ ಮಾತನ್ನು ಹಿಂದಿನಿಂದ ಕಿತ್ತುಕೊಳ್ಳುವುದು ಬೇರೆ. ಜನ ಸಿಟ್ಟಾದದ್ದು ಎರಡನೆಯದಕ್ಕೆ.

ಗೆದ್ದವರಿಗೂ ಖರ್ಚು ತಪ್ಪಲಿಲ್ಲ. ಹಳೆಯ ಪರವಾನಗಿಯ ಮೇಲಿನ ನಂಬಿಕೆ ಹೋದ ಕಾರಣ ಪೈಜೋ ತನ್ನ ಆಟದ ಪುಸ್ತಕಗಳನ್ನೇ ತಿದ್ದಿ 2023ರ ನವೆಂಬರ್‌ನಿಂದ ಮತ್ತೆ ಮುದ್ರಿಸಿತು. ಅದನ್ನು ಕೊಳ್ಳಬೇಕಾದವರು ಮತ್ತದೇ ಆಟಗಾರರು.

ಬೆಂಗಳೂರಿಗೆ ಹೊರಟವರಿಗೆ

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇದೇ ಕಥೆ ನಮಗೆ ಇನ್ನೂ ಹತ್ತಿರವಾಯಿತು. ಮೊಬೈಲ್ ಗೇಮ್ ತಯಾರಿಸಲು ಭಾರತದಲ್ಲೂ ವ್ಯಾಪಕವಾಗಿ ಬಳಸುವ ತಂತ್ರಾಂಶ ಯೂನಿಟಿ. ಒಂದು ಮಿತಿ ದಾಟಿದ ಗೇಮ್‌ಗಳು ಪ್ರತಿ ಇನ್‌ಸ್ಟಾಲ್‌ಗೆ 20 ಸೆಂಟ್‌ವರೆಗೆ ಶುಲ್ಕ ಕೊಡಬೇಕು ಎಂದು ಅದು ಸೆಪ್ಟೆಂಬರ್ 12ರಂದು ಘೋಷಿಸಿತು. ಆಗಲೇ ಮಾರುಕಟ್ಟೆಯಲ್ಲಿದ್ದ ಗೇಮ್‌ಗಳಿಗೂ ಅದು ಅನ್ವಯ! ಗಲಾಟೆಯಾಯಿತು, ನಿಯಮ ಸಡಿಲವಾಯಿತು, ಮುಖ್ಯಸ್ಥರು ಹುದ್ದೆ ಬಿಟ್ಟರು. 2024ರ ಸೆಪ್ಟೆಂಬರ್‌ನಲ್ಲಿ ಆ ಶುಲ್ಕವೇ ರದ್ದಾಯಿತು. ಅಷ್ಟರಲ್ಲಿ ಎಷ್ಟೋ ಡೆವಲಪರ್‌ಗಳು ಬೇರೆ ತಂತ್ರಾಂಶ ಕಲಿಯಲು ಹೊರಟಿದ್ದರು.

ಅನಿಮೇಷನ್, ಗೇಮಿಂಗ್ ವಲಯಕ್ಕೆ ಕರ್ನಾಟಕ 2012ರಲ್ಲೇ ನೀತಿ ರೂಪಿಸಿತು; ಈಗಿನದು 2024–29ರ ನೀತಿ. ತರಬೇತಿ, ಉದ್ಯೋಗಗಳ ಮಾತು ಅದರಲ್ಲಿದೆ. ಕೋರ್ಸ್ ಸೇರಿದವರು ಚಿತ್ರ ಬಿಡಿಸಲು, ಕೋಡ್ ಬರೆಯಲು ಕಲಿಯುತ್ತಾರೆ. ಕಾಗದ ಓದುವುದನ್ನೂ ಕಲಿಯಬೇಕು.

ಕಾನೂನಿನ ಕೆಲವು ಅಂಶಗಳು ಎಲ್ಲರಿಗೂ ತಿಳಿದಿರಲಿ. ಆಟದ ಕಲ್ಪನೆಗೆ ಕೃತಿಸ್ವಾಮ್ಯ ಸಿಗುವುದಿಲ್ಲ, ಅದನ್ನು ಹೇಳಿದ ರೀತಿಗೆ ಸಿಗುತ್ತದೆ. ಕೋಲ್ಕತ್ತದ ಸಹೋದರರು ಮಾಡಿದ ‘ಸ್ಕ್ರಾಬ್ಯುಲಸ್’ ವಿರುದ್ಧ ಸ್ಕ್ರಾಬಲ್‌ನ ಹಕ್ಕುದಾರರು ಹೋದಾಗ, ದೆಹಲಿ ಹೈಕೋರ್ಟ್ 2008ರ ಮಧ್ಯಂತರ ಆದೇಶದಲ್ಲಿ ಬೋರ್ಡಿನ ಮೇಲಿನ ಕೃತಿಸ್ವಾಮ್ಯದ ವಾದವನ್ನು ಒಪ್ಪಲಿಲ್ಲ. ಆದರೆ ಹೆಸರು ಟ್ರೇಡ್‌ಮಾರ್ಕ್‌ಗೆ ತೀರಾ ಹತ್ತಿರ ಎಂದು ಅದನ್ನು ಬಳಸದಂತೆ ತಡೆಯಿತು. ಅಂದರೆ ನಿಯಮ ಹೋಲಬಹುದು, ಹೆಸರು ಹೋಲಬಾರದು.

ಇನ್ನು ದುಡಿಮೆಯ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 17ರ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ನೌಕರಿಯ ಭಾಗವಾಗಿ ಮಾಡಿದ ಕೆಲಸದ ಹಕ್ಕು ಸಂಸ್ಥೆಯದ್ದು. ಹಕ್ಕು ವರ್ಗಾಯಿಸುವುದಾದರೆ ಅದು ಲಿಖಿತವಾಗಿರಬೇಕು ಎನ್ನುತ್ತದೆ ಸೆಕ್ಷನ್ 19. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಲೆಕ್ಕ. ಫ್ರೀಲಾನ್ಸ್ ಆಗಿ ಒಂದು ಪಾತ್ರದ ಚಿತ್ರ, ಒಂದು ಗೇಮಿನ ಸಂಭಾಷಣೆ ಬರೆದುಕೊಡುವ ಹುಡುಗ ಹುಡುಗಿಯರಿಗೆ ಈ ಎರಡು ಸಾಲು ಗೊತ್ತಿದ್ದರೆ ಮಾತನಾಡುವ ಧೈರ್ಯ ಬರುತ್ತದೆ.

ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಈ ಒಪ್ಪಂದವನ್ನು ಕೊಟ್ಟವರು ಒಬ್ಬರೇ ನಿಂತು ಬದಲಿಸಬಹುದೇ? ಬದಲಿಸಿದರೆ ನಾನು ಈಗಾಗಲೇ ಮಾಡಿದ ಕೆಲಸಕ್ಕೂ ಅದು ತಗಲುತ್ತದೆಯೇ? ನಾಳೆ ಬಿಟ್ಟು ಹೊರಟರೆ ನನ್ನ ಜೊತೆ ಏನು ಉಳಿಯುತ್ತದೆ?

ಮೂರು ವಾರಗಳಲ್ಲಿ ದೊಡ್ಡ ಕಂಪನಿಯೊಂದು ಮಣಿದದ್ದು ನ್ಯಾಯಾಲಯದ ತೀರ್ಪಿನಿಂದಲ್ಲ. ಆಡುವವರೂ ಬರೆಯುವವರೂ ಆ ಕರಡನ್ನು ಸಾಲು ಸಾಲಾಗಿ ಓದಿ, ಅರ್ಥ ಮಾಡಿಕೊಂಡು, ಒಟ್ಟಿಗೆ ಬೇಡ ಎಂದದ್ದರಿಂದ. ಓದದೆ ‘ಒಪ್ಪಿದೆ’ ಒತ್ತುವ ನಮ್ಮ ಬೆರಳಿಗೆ ಇದು ನೆನಪಿರಬೇಕು.