ಸೈಟಿನ ಲಾಭಕ್ಕೆ ವರ್ಷದ ಲೆಕ್ಕ ಹಾಕಿದ್ದೀರಾ?

ನಮ್ಮದು ಚಳ್ಳಕೆರೆ ಸೀಮೆ. ಮಳೆ ಬಂದರೆ ಶೇಂಗಾ, ಇಲ್ಲದಿದ್ದರೆ ಬರೀ ಹೊಲ. ಇಂಥ ಕಡೆ ನಾಲ್ಕು ಕಾಸು ಕೈಗೆ ಬಂದರೆ ಊರವರೆಲ್ಲ ಹೇಳೋದು ಒಂದೇ ಮಾತು: ‘ಬ್ಯಾಂಕಲ್ಲಿಟ್ಟು ಏನ್ ಮಾಡ್ತೀಯ, ಒಂದು ಸೈಟ್ ತಗೋ.’

2011ರಲ್ಲಿ ಹೊಲದ ಅಂಚು ರಸ್ತೆಗೆ ಹೋಗಿ ನನಗೆ 3 ಲಕ್ಷ ಪರಿಹಾರ ಬಂತು. ನಮ್ಮ ಷಡ್ಡಕನಿಗೂ ಅಷ್ಟೇ ಬಂತು. ನಾನು ಪಟ್ಟಣದ ಹೊರಗೆ 2 ಲಕ್ಷ 75 ಸಾವಿರಕ್ಕೆ ಸೈಟು ಹಿಡಿದೆ. ರಿಜಿಸ್ಟ್ರಿ, ಬರಹಗಾರರು, ಓಡಾಟ ಸೇರಿ ಉಳಿದ 25 ಸಾವಿರವೂ ಮುಗಿಯಿತು. ಷಡ್ಡಕ ಹತ್ತು ವರ್ಷಕ್ಕೆ ಠೇವಣಿ ಇಟ್ಟ. ಆಗ ನೂರಕ್ಕೆ ಒಂಬತ್ತರ ಬಡ್ಡಿ. ಅವನನ್ನು ನೋಡಿ ನಾನೇ ನಕ್ಕಿದ್ದೆ.

2021ರಲ್ಲಿ ಸೈಟು 7 ಲಕ್ಷಕ್ಕೆ ಹೋಯಿತು. ‘ಎರಡೂವರೆ ಪಟ್ಟು ಬಂತಲ್ಲಪ್ಪ’ ಅಂದರು. ನಾನೂ ಹಿಗ್ಗಿದೆ. ಮನೆಗೆ ಬಂದು ಮಗಳ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. ದಲ್ಲಾಳಿಗೆ 14 ಸಾವಿರ. ಹತ್ತು ವರ್ಷದ ಕಂದಾಯ, ಕಲ್ಲುಕಂಬ, ಜಾಲಿ ಕಡಿಸಿದ್ದು 20 ಸಾವಿರ. ಉಳಿದದ್ದು 6 ಲಕ್ಷ 66 ಸಾವಿರ. ಷಡ್ಡಕನ ಠೇವಣಿಗೆ ಮೂರು ತಿಂಗಳಿಗೊಮ್ಮೆ ಬಡ್ಡಿಗೆ ಬಡ್ಡಿ ಸೇರಿ 7 ಲಕ್ಷ 30 ಸಾವಿರ ಆಗಿತ್ತು!

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. 2018ರಲ್ಲಿ ಬರ ಬಿತ್ತು, ಶೇಂಗಾ ಬೀಜವೂ ವಾಪಸ್ ಬರಲಿಲ್ಲ. ಅದೇ ವರ್ಷ ಮನೆಯವಳಿಗೆ ಆಪರೇಷನ್. ಸೈಟು ಮಾರೋಣವೆಂದರೆ ಕೇಳುವವರಿಲ್ಲ. ಬರದಲ್ಲಿ ಎಲ್ಲರೂ ಮಾರುವವರೇ. ಬಂದ ಒಬ್ಬ ಅರ್ಧ ಬೆಲೆಗೆ ಕೇಳಿದ. ಕೊನೆಗೆ ಮೂರು ರೂಪಾಯಿ ಬಡ್ಡಿಗೆ 1 ಲಕ್ಷ ತಂದೆ. ಹದಿನಾಲ್ಕು ತಿಂಗಳಿಗೆ 42 ಸಾವಿರ ಬರೀ ಬಡ್ಡಿ ಕಟ್ಟಿದೆ. ಆಸ್ತಿ ಇದ್ದೂ ಕೈಮುಗಿದು ನಿಂತದ್ದು ಇವತ್ತಿಗೂ ಮರೆತಿಲ್ಲ. ಠೇವಣಿ ಇದ್ದಿದ್ದರೆ ಅದನ್ನು ಮುರಿಯದೆ ಅದರ ಮೇಲೇ ಬ್ಯಾಂಕು ಸಾಲ ಕೊಡುತ್ತಿತ್ತು. ನೂರಕ್ಕೆ ಹತ್ತು ಹಿಡಿದರೂ 12 ಸಾವಿರದೊಳಗೆ ಮುಗಿಯುತ್ತಿತ್ತು.

ಹಾಗಂತ ಸೈಟು ತಗೊಂಡವರೆಲ್ಲ ಕೆಟ್ಟರು ಅನ್ನಲಾರೆ. ಬೆಂಗಳೂರಿನ ಸುತ್ತ ತಗೊಂಡವರು ಹತ್ತಾರು ಪಟ್ಟು ಕಂಡಿದ್ದಾರೆ. ಆದರೆ ಅದು ಜಾಗದ ಅದೃಷ್ಟ, ಎಲ್ಲ ಊರಿಗೂ ಬರುವ ಮಳೆಯಲ್ಲ. ಈಗ ಬ್ಯಾಂಕಿನ ಬಡ್ಡಿಯೂ ಇಳಿದಿದೆ, ನಿಜ. ಆದರೂ ನೂರಕ್ಕೆ ಏಳು ಸಿಕ್ಕರೆ ಹತ್ತು ವರ್ಷಕ್ಕೆ ದುಡ್ಡು ದುಪ್ಪಟ್ಟು. ಅಂದರೆ ಇವತ್ತು 5 ಲಕ್ಷ ಹಾಕಿದ ಸೈಟು ಖರ್ಚೆಲ್ಲ ಕಳೆದು ಹತ್ತು ವರ್ಷಕ್ಕೆ 10 ಲಕ್ಷ ದಾಟಿದರೆ ಮಾತ್ರ ಲಾಭ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ನೂರಕ್ಕೆ ಒಂದು ಇದ್ದದ್ದು ಎರಡಾಗಿದೆ. ಮುದ್ರಾಂಕದ್ದು ಸೇರಿಸಿದರೆ ಏಳೂವರೆ ದಾಟುತ್ತದೆ. ಒಂದು ವರ್ಷದ ಬಡ್ಡಿ ಮೊದಲ ದಿನವೇ ಹೋಯಿತು ಎಂದು ತಿಳಿಯಿರಿ. ಭೂಪರಿವರ್ತನೆ ಆಗದ ಹೊಲದಲ್ಲಿ ಗೆರೆ ಎಳೆದ ಸೈಟಾದರಂತೂ ಅಸಲಿಗೇ ಸಂಚಕಾರ.

ನನ್ನ ಅಭಿಪ್ರಾಯ ಇಷ್ಟು. ಖುಷ್ಕಿ ರೈತ ಮೊದಲು ಒಂದು ಬರ ದಾಟುವಷ್ಟು ದುಡ್ಡನ್ನು ಠೇವಣಿ ಇಡಬೇಕು. ಒಂದೇ ರಸೀದಿ ಬೇಡ, ನಾಲ್ಕೈದು ಸಣ್ಣವು ಮಾಡಿಸಿ. ಬೇಕಾದಾಗ ಒಂದನ್ನು ಮುರಿದರೆ ಸಾಕು. ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ, ಅದರೊಳಗೆ ಇರಲಿ. ಆಮೇಲೂ ಉಳಿದರೆ ಕಾಣದ ಊರಿನ ಸೈಟಿಗಿಂತ ನಮ್ಮ ಬದುವಿಗೆ ಹತ್ತಿದ ಹೊಲ ಸಿಕ್ಕರೆ ನೋಡಿ. ಅದು ಬೆಲೆ ಏರದಿದ್ದರೂ ಮಳೆ ಬಂದ ವರ್ಷ ಬೆಳೆಯನ್ನಾದರೂ ಕೊಡುತ್ತದೆ.

ಮಾರಿದ ಬೆಲೆ ಎಲ್ಲರೂ ಹೇಳುತ್ತಾರೆ. ಎಷ್ಟು ವರ್ಷ ಕಾದರು, ನಡುವೆ ಎಷ್ಟು ಬಡ್ಡಿ ಕಟ್ಟಿದರು ಅಂತ ಕೇಳಿ ನೋಡಿ. ಬೇರೆ ಲೆಕ್ಕ ಇರುವವರು ಬರೆದು ತಿಳಿಸಿ, ನಾನೂ ಕಲಿಯುತ್ತೇನೆ.